ಮಂಗನ ಕಾಯಿಲೆಯ ಮೂಲ ಅರಸಿದ ಟೆಲ್ಫೋರ್ಡ್ ವರ್ಕ್

1957ರ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗರೂ ತೀವ್ರ ಜ್ವರದಿಂದ ಹಾಸಿಗೆ ಹಿಡಿದರು, ಕೆಲವರು ಅಸುನೀಗಿದರು. ಭಾರತದಲ್ಲಿ ಎಂದೂ ಕಾಣಿಸದ ಹಳದಿ ಜ್ವರವೇ ಬಂದಿತೆಂಬ ಆತಂಕ ಮೂಡಿತು. ತನಿಖೆಗೆ ಮುಂದಾದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಅದರ ನಿರ್ದೇಶಕರಾಗಿದ್ದವರು ಅಮೆರಿಕದ ವೈದ್ಯ ವಿಜ್ಞಾನಿ ಡಾ. ಟೆಲ್ಫೋರ್ಡ್ ವರ್ಕ್.

1921ರಲ್ಲಿ ಜನಿಸಿದ ವರ್ಕ್, ಭಾರತಕ್ಕೆ ಬರುವ ಮುನ್ನ ಈಜಿಪ್ಟ್‌ನಲ್ಲಿ ವೆಸ್ಟ್ ನೈಲ್ ವೈರಸ್ ಕುರಿತು ಸಂಶೋಧನೆ ನಡೆಸಿದ್ದರು. ಪಕ್ಷಿಗಳ ಬಗೆಗೂ ಅವರಿಗೆ ಅಪಾರ ಆಸಕ್ತಿಯಿತ್ತು. ಅವರ ತಂಡ ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ಹೊಸ ವೈರಸ್ಸನ್ನು ಬೇರ್ಪಡಿಸಿತು. ಅದನ್ನು ಹರಡುವುದು ಕಾಡಿನ ಉಣುಗು ಎಂಬುದೂ ಸ್ಪಷ್ಟವಾಯಿತು.

ಪ್ರತಿಕಾಯ ಪರೀಕ್ಷೆಗಳಲ್ಲಿ ಈ ವೈರಸ್ ರಷ್ಯಾದ ಮಿದುಳುಜ್ವರದ ವೈರಸ್ಸಿಗೆ ಸಮೀಪದ್ದೆಂದು ಕಂಡುಬಂದಿತು. ಹೀಗಾಗಿ ಆ ರೋಗದ ಲಸಿಕೆಯನ್ನೇ ಮಲೆನಾಡಿನಲ್ಲಿ ಪ್ರಯೋಗಿಸಲಾಯಿತು. ಆದರೆ ಅದು ಜನರಿಗೆ ರಕ್ಷಣೆ ನೀಡಲಿಲ್ಲ. ವೈರಸ್‌ಗಳ ನಡುವೆ ನಂಟಿದ್ದರೂ ಒಂದರ ಲಸಿಕೆ ಇನ್ನೊಂದಕ್ಕೆ ಒದಗದೆಂಬ ಪಾಠವನ್ನು ಕ್ಯಾಸನೂರು ಕಲಿಸಿತು.

ವರ್ಕ್ ಸ್ವದೇಶಕ್ಕೆ ಮರಳಿ ಸಂಶೋಧನೆ, ಬೋಧನೆಗಳಲ್ಲಿ ತೊಡಗಿದರು. 1995ರಲ್ಲಿ ನಿಧನರಾದರು. ಪುಣೆಯ ಆ ಕೇಂದ್ರ ಇಂದು ರಾಷ್ಟ್ರೀಯ ವೈರಾಣು ಸಂಸ್ಥೆ.

ಮಂಗನ ಕಾಯಿಲೆಗೆಂದೇ ತಯಾರಾದ ಲಸಿಕೆ ಮುಂದೆ ದಶಕಗಳ ಕಾಲ ಬಳಕೆಯಲ್ಲಿತ್ತು. ಪರಿಣಾಮ ಕುಂದಿದ್ದರಿಂದ 2022ರಲ್ಲಿ ಅದನ್ನು ಕೈಬಿಡಲಾಯಿತು. ಹೊಸ ಲಸಿಕೆಯ ಅಭಿವೃದ್ಧಿಗೆ ಪ್ರಯತ್ನ ಸಾಗಿದೆ. ನಿರ್ದಿಷ್ಟ ಔಷಧವಾಗಲಿ, ಬಳಕೆಗೆ ಸಿದ್ಧವಾದ ಪ್ರತಿಕಾಯ ಚಿಕಿತ್ಸೆಯಾಗಲಿ ಇಲ್ಲ. ವೈರಸ್ಸಿನ ಗುರುತು ಹಿಡಿದು ಆರು ದಶಕಗಳು ಕಳೆದರೂ, ಬೇಸಿಗೆಯಲ್ಲಿ ಸೌದೆ, ದರಗಿಗೆಂದು ಕಾಡು ಹೊಗುವ ಮಲೆನಾಡಿಗರ ಭಯ ನೀಗಿಲ್ಲ.