ಬಾಯ್ಲರ್ ಕಾರ್ಖಾನೆಗೆ ಹೋದ ಹೆರಿಗೆ ಡಾಕ್ಟರ್

ವೆಲ್ಡಿಂಗ್ ಒಳಗೆ ಬಿರುಕು ಇದೆಯಾ ಅಂತ ನೋಡೋಕೆ ಅಲ್ಟ್ರಾಸೋನಿಕ್ ಫ್ಲಾ ಡಿಟೆಕ್ಟರ್ ಬಳಸುತ್ತಾರೆ ಅನ್ನೋದು ನಮ್ಮ ಮೆಕ್ಯಾನಿಕಲ್ ಗೆಳೆಯರಿಗೆಲ್ಲ ಗೊತ್ತು. ಅದೇ ಮೆಷಿನ್ನನ್ನು ಗರ್ಭಿಣಿಯರ ಹತ್ತಿರ ತಂದವರು ಇಯಾನ್ ಡೊನಾಲ್ಡ್. ವೈದ್ಯಲೋಕದಲ್ಲಿ ಬಹಳ ದೊಡ್ಡ ಹೆಸರು. ಇಂಜಿನಿಯರಿಂಗ್ ಓದೋ ನಮಗೆ ಮಾತ್ರ ಯಾರೂ ಹೇಳಿರಲ್ಲ.

1910ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಹುಟ್ಟಿ, ದಕ್ಷಿಣ ಆಫ್ರಿಕಾದಲ್ಲಿ ಓದಿ, ಲಂಡನ್ನಿನಲ್ಲಿ ಡಾಕ್ಟರ್ ಆದರು. ಎರಡನೇ ಮಹಾಯುದ್ಧದಲ್ಲಿ ವಾಯುಪಡೆ ಸೇರಿ, ಬಾಂಬುಗಳಿದ್ದ ವಿಮಾನ ಉರಿಯುತ್ತಿದ್ದಾಗ ಒಳಗಿದ್ದವರನ್ನು ಎಳೆದು ತಂದು ಪದಕ ಪಡೆದರು. ರೇಡಾರ್, ಸೋನಾರ್ ಪರಿಚಯ ಆಗಿದ್ದೂ ಅಲ್ಲೇ. ಯುದ್ಧ ಮುಗಿದ ಮೇಲೆ, ಹುಟ್ಟಿದ ಕೂಡಲೇ ಉಸಿರಾಡದ ಶಿಶುಗಳಿಗೆ ಉಸಿರು ಕೊಡುವ ಯಂತ್ರಗಳ ಮೇಲೆ ಕೆಲಸ ಮಾಡಿದರು. 1954ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪ್ರೊಫೆಸರ್ ಆದರು.

ಆಗಿನ ಹೆರಿಗೆ ವಾರ್ಡ್ ಹೇಗಿತ್ತು ಅಂತ ತಿಳಿದರೇನೇ ಮುಂದಿನದು ಅರ್ಥ ಆಗೋದು. ಹೊಟ್ಟೆಯೊಳಗೆ ಏನಾಗ್ತಿದೆ ಅಂತ ತಿಳಿಯೋಕೆ ಡಾಕ್ಟರಿಗಿದ್ದದ್ದು ಕೈ, ಕಿವಿ ಮತ್ತು ಎಕ್ಸ್‌ರೇ. ಕೆಲವು ಬಸುರಿಯರಲ್ಲಿ ಮಾಸು, ಅಂದ್ರೆ ಪ್ಲಾಸೆಂಟಾ, ಗರ್ಭಕೋಶದ ಬಾಯಿಗೇ ಅಡ್ಡ ಕೂತಿರುತ್ತೆ. ರಕ್ತ ಹೋಗೋಕೆ ಶುರುವಾದಾಗ ಕಾರಣ ಅದೇನಾ ಅಂತ ಬೆರಳಿನಿಂದ ಪರೀಕ್ಷಿಸಬೇಕಿತ್ತು. ಬೆರಳು ತಗುಲಿಯೇ ರಕ್ತ ಧಾರಾಕಾರ ಸುರಿಯಬಹುದಾದ್ದರಿಂದ ಆಪರೇಷನ್‌ಗೆ ಎಲ್ಲ ಸಿದ್ಧ ಮಾಡಿಕೊಂಡೇ ಮುಟ್ಟುತ್ತಿದ್ದರು. ಯೋಚಿಸಿ, ಪರೀಕ್ಷೆಯೇ ಅಪಾಯ! ಎಕ್ಸ್‌ರೇ ಕೂಡ ನಿರುಪದ್ರವಿ ಅಲ್ಲ. ಗರ್ಭದಲ್ಲಿದ್ದಾಗ ಎಕ್ಸ್‌ರೇ ಬಿದ್ದ ಮಕ್ಕಳಿಗೆ ಕ್ಯಾನ್ಸರ್ ಹೆಚ್ಚು ಅಂತ 1956ರಿಂದ ಆಲಿಸ್ ಸ್ಟೀವರ್ಟ್ ತೋರಿಸತೊಡಗಿದ್ದರು.

1955ರ ಜುಲೈನಲ್ಲಿ ಡೊನಾಲ್ಡ್ ಆಪರೇಷನ್‌ನಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ರೆನ್‌ಫ್ರೂನ ಬ್ಯಾಬ್‌ಕಾಕ್ ಅಂಡ್ ವಿಲ್ಕಾಕ್ಸ್ ಬಾಯ್ಲರ್ ಕಾರ್ಖಾನೆಗೆ ಹೋದರು. ಅಲ್ಲಿನ ಒಬ್ಬ ನಿರ್ದೇಶಕರ ಹೆಂಡತಿ ಇವರ ಪೇಷಂಟ್ ಆಗಿದ್ದರು. ಹೋಲಿಸಿ ನೋಡೋಕೆ ಕಾರ್ಖಾನೆಯವರು ಒಂದು ತುಂಡು ದನದ ಮಾಂಸ ಇಟ್ಟಿದ್ದರು. ನೀರು ತುಂಬಿದ ಗೆಡ್ಡೆಯ ಪ್ರತಿಧ್ವನಿಯೇ ಬೇರೆ, ಗಟ್ಟಿ ಗೆಡ್ಡೆಯದೇ ಬೇರೆ. ನಮ್ಮ ಹಳೇ ಲೆಕ್ಕವೇ: ವೇಗ ಗುಣಿಸು ಕಾಲ, ಭಾಗಿಸು ಎರಡು. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್.

ಇಲ್ಲಿ ಟಾಮ್ ಬ್ರೌನ್ ಬರ್ತಾರೆ. ಕೆಲ್ವಿನ್ ಅಂಡ್ ಹ್ಯೂಸ್ ಕಂಪನಿಯ ಇಂಜಿನಿಯರ್, ನಮಗಿಂತ ನಾಲ್ಕೇ ವರ್ಷ ದೊಡ್ಡವರು ಅನ್ನಬಹುದು. ಫ್ಲಾ ಡಿಟೆಕ್ಟರನ್ನು ಮನುಷ್ಯರ ಮೇಲೆ ಬಳಸೋ ಪ್ರೊಫೆಸರ್ ಒಬ್ಬರಿದ್ದಾರೆ ಅಂತ ಆಸ್ಪತ್ರೆಯಲ್ಲಿ ಕೇಳಿ, ಅವರಿಗೇ ಫೋನ್ ಮಾಡಿಬಿಟ್ಟರು. ಡೊನಾಲ್ಡ್ ಕರೆಸಿಕೊಂಡರು. ಯಾರೋ ಹುಡುಗ ಅಂತ ಪ್ರೊಫೆಸರ್ ಫೋನ್ ಇಟ್ಟಿದ್ದರೆ? ಬ್ರೌನ್ ಕಟ್ಟಿದ ಮೊದಲ ಸ್ಕ್ಯಾನರ್‌ನಲ್ಲಿ ಆಸ್ಪತ್ರೆಯ ಬೆಡ್ ಟೇಬಲ್ಲೂ ಇತ್ತು, ಮೆಕ್ಯಾನೋ ಆಟಿಕೆಯ ತುಂಡುಗಳೂ ಇದ್ದವು. ನಮ್ಮ ಮಿನಿ ಪ್ರಾಜೆಕ್ಟ್ ಥರಾನೇ! ಹೊಟ್ಟೆಗೆ ಆಲಿವ್ ಎಣ್ಣೆ ಸವರಿ ಪ್ರೋಬ್ ಆಡಿಸುತ್ತಿದ್ದರು.

ನಗುವವರು ನಗುತ್ತಲೇ ಇದ್ದರು. ಆಗ ಹೊಟ್ಟೆ ಊದಿಕೊಂಡಿದ್ದ ಒಬ್ಬ ಮಹಿಳೆ ಬಂದರು. ಜಠರದ ಕ್ಯಾನ್ಸರ್, ಆಪರೇಷನ್ ಸಾಧ್ಯವಿಲ್ಲ ಅಂತ ತೀರ್ಮಾನ ಆಗಿತ್ತು. ಸ್ಕ್ಯಾನ್‌ನಲ್ಲಿ ಕಂಡದ್ದು ಅಂಡಾಶಯದ ದೊಡ್ಡ ನೀರ್ಗೆಡ್ಡೆ. ಅದನ್ನು ತೆಗೆದರು, ಆಕೆ ಬದುಕಿದರು. 1958ರಲ್ಲಿ ಡೊನಾಲ್ಡ್, ಜಾನ್ ಮ್ಯಾಕ್‌ವಿಕರ್, ಬ್ರೌನ್ ಸೇರಿ ಬರೆದ ಲೇಖನ ಲ್ಯಾನ್ಸೆಟ್‌ನಲ್ಲಿ ಬಂತು. ಡಾಕ್ಟರುಗಳ ಪತ್ರಿಕೆಯಲ್ಲಿ ಇಂಜಿನಿಯರ್ ಹೆಸರೂ ಇತ್ತು ಅನ್ನೋದು ನಮಗೆ ತುಂಬಾ ಇಷ್ಟವಾಯ್ತು.

ಆಮೇಲೆ ಮಗುವಿನ ತಲೆ ಅಳೆದು ಬೆಳವಣಿಗೆ ನೋಡೋದು, ಮಾಸು ಎಲ್ಲಿದೆ ಅಂತ ಬೆರಳು ಮುಟ್ಟಿಸದೇ ಹುಡುಕೋದು ಒಂದೊಂದೇ ಸಾಧ್ಯವಾಯ್ತು. ಅಕ್ಕನೋ ಅತ್ತಿಗೆಯೋ ಸ್ಕ್ಯಾನಿಂಗ್‌ಗೆ ಮೊದಲು ಬಾಟಲಿಗಟ್ಟಲೆ ನೀರು ಕುಡಿದು ಒದ್ದಾಡೋದು ನೋಡಿರ್ತೀರಲ್ಲ? ಮೂತ್ರಕೋಶ ತುಂಬಿದ್ದರೆ ಕರುಳು ಪಕ್ಕಕ್ಕೆ ಸರಿದು ಎಳೇ ಗರ್ಭ ಕಾಣುತ್ತೆ ಅಂತ ಕಂಡುಕೊಂಡದ್ದೂ ಇವರೇ. 1964ರಲ್ಲಿ ಗ್ಲಾಸ್ಗೋದಲ್ಲಿ ಕ್ವೀನ್ ಮದರ್ಸ್ ಹೆರಿಗೆ ಆಸ್ಪತ್ರೆ ತೆರೆಯಿತು. ಅದರ ಹಿಂದೆಯೂ ಇವರ ದುಡಿಮೆ ಇದೆ. ಸ್ವಂತ ಹೃದಯಕ್ಕೆ ಮೂರು ಆಪರೇಷನ್ ಆದರೂ ಕೆಲಸ ಬಿಡಲಿಲ್ಲ.

ಬ್ರಿಟನ್ನಿನ 1967ರ ಗರ್ಭಪಾತ ಕಾನೂನನ್ನು ಅವರು ಗಟ್ಟಿಯಾಗಿ ವಿರೋಧಿಸಿದರು. ಅದರಲ್ಲಿ ನಮ್ಮಲ್ಲೇ ಎಲ್ಲರೂ ಅವರ ಜೊತೆ ನಿಲ್ಲಲ್ಲ. ಆದರೆ ತಾಯಿ ಮಗು ಇಬ್ಬರನ್ನೂ ಉಳಿಸೋಕೆ ಮಾಡಿದ ಮೆಷಿನ್ ಬೇರೆ ಕೆಲಸಕ್ಕೂ ಬಳಕೆಯಾಗುತ್ತೆ ಅನ್ನೋ ಸಂಕಟ ಅವರಿಗಿತ್ತು. 1987ರ ಜೂನ್ 19ರಂದು ತೀರಿಕೊಂಡರು. 1994ರಲ್ಲಿ ನಮ್ಮ ದೇಶ ಭ್ರೂಣಲಿಂಗ ಪತ್ತೆ ವಿರುದ್ಧ ಕಾನೂನು ತಂದಿತು. ಸ್ಕ್ಯಾನಿಂಗ್ ಸೆಂಟರ್ ಬಾಗಿಲಲ್ಲಿ ಆ ಬೋರ್ಡ್ ಇವತ್ತಿಗೂ ಇದೆ.