ಸೆಟ್‌ನಲ್ಲೇ ಶಾಟ್ ಪಾಠ ಕಲಿತ ಪುಟ್ಟಣ್ಣ ಕಣಗಾಲ್

ಅರೆಕೆರೆ: ಜಯನಗರ 4ನೇ ಬ್ಲಾಕ್ ಕಾಂಪ್ಲೆಕ್ಸ್‌ನಲ್ಲಿದ್ದ ಪುಟ್ಟಣ್ಣ ಥಿಯೇಟರ್ ಈ ಭಾಗದ ಹಳಬರಿಗೆ ಗೊತ್ತು. ಥಿಯೇಟರ್ ಈಗಿಲ್ಲ. ಆ ಹೆಸರಿನ ಮನುಷ್ಯ ಕೆಲಸ ಕಲಿತಿದ್ದು ಹೇಗೆ ಅನ್ನೋದು ಮೊಬೈಲಲ್ಲಿ ಶಾರ್ಟ್ ಫಿಲಂ ತೆಗೆಯೋ ಹುಡುಗರಿಗೆ ಗೊತ್ತಿರಬೇಕು.

ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲ್‌ನಲ್ಲಿ 1933ರ ಡಿಸೆಂಬರ್ 1ರಂದು ಬಡ ಮನೆಯಲ್ಲಿ ಹುಟ್ಟಿದವರು ಪುಟ್ಟಣ್ಣ. ಮೇಷ್ಟ್ರಾಗಿ, ಸೇಲ್ಸ್‌ಮನ್ ಆಗಿ ದುಡಿದರು. ಆಮೇಲೆ ಬಿ.ಆರ್. ಪಂತುಲು ಅವರ ಬಳಿ ಅಸಿಸ್ಟೆಂಟ್ ಆಗಿ ಸೇರಿ, ಸೆಟ್‌ನಲ್ಲಿ ನಿಂತೇ ಕಸುಬು ಕಲಿತರು. ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರ ಮಲಯಾಳಂನ ‘ಸ್ಕೂಲ್ ಮಾಸ್ಟರ್’ (1964), ಅದೂ ಗುರುಗಳ ಕನ್ನಡ ಚಿತ್ರದ್ದೇ ಕಥೆ. ಕನ್ನಡದಲ್ಲಿ ‘ಬೆಳ್ಳಿಮೋಡ’ ಬಂದಿದ್ದು 1967ರಲ್ಲಿ.

‘ಶರಪಂಜರ’ದಲ್ಲಿ ಕಾಯಿಲೆ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನ ಜನ ಹುಚ್ಚಿ ಅಂತಲೇ ನೋಡ್ತಾರೆ. ಡೈಲಾಗ್‌ಗೇನೂ ಬರವಿಲ್ಲ. ಆದರೂ ನೆನಪಲ್ಲಿ ಉಳಿಯೋದು ಕಲ್ಪನಾ ಮುಖದ ಕ್ಲೋಸಪ್.

1972ರ ‘ನಾಗರಹಾವು’ ಚಿತ್ರದಲ್ಲಿ ಚಿತ್ರದುರ್ಗದ ಕೋಟೆಯೂ ಒಂದು ಪಾತ್ರ. ‘ಬಾರೆ ಬಾರೆ’ ಹಾಡನ್ನಂತೂ ಇಡೀ ಸ್ಲೋ ಮೋಷನ್‌ನಲ್ಲಿ ತೆಗೆದರು. ಕ್ಯಾಮೆರಾ ಸೆಕೆಂಡಿಗೆ 24 ಫ್ರೇಮ್‌ಗಿಂತ ಜಾಸ್ತಿ ತೆಗೆಯಬೇಕು, ಪರದೆ ಮೇಲೆ 24ರ ಲೆಕ್ಕದಲ್ಲೇ ಓಡಿಸಬೇಕು. ಆಗ ನಡಿಗೆ ನಿಧಾನವಾಗುತ್ತೆ. ರೀಲೂ ಅಷ್ಟೇ ಜಾಸ್ತಿ ಖರ್ಚು. ಈಗ ಫೋನಲ್ಲಿ ಒಂದು ಬಟನ್ ಒತ್ತಿದರಾಯ್ತು. ಯಾವ ಹಾಡಿಗೆ ಒತ್ತಬೇಕು ಅನ್ನೋದು ಮಾತ್ರ ಫೋನಿಗೆ ಗೊತ್ತಿಲ್ಲ.

‘ಮಸಣದ ಹೂವು’ ಮುಗಿಸೋಕೆ ಅವರಿಗೆ ಆಗಲಿಲ್ಲ. 1985ರ ಜೂನ್ 5ರಂದು, 51ನೇ ವಯಸ್ಸಿಗೇ ತೀರಿಕೊಂಡರು. ಬಾಕಿ ಉಳಿದಿದ್ದನ್ನ ಕೆ.ಎಸ್.ಎಲ್. ಸ್ವಾಮಿ ಪೂರ್ತಿ ಮಾಡಿದರು.