ವಲಸಿಗರ ತಾಯಿ: ಕೆರೊಲೈನ್ ಚಿಸಮ್

ಭೂಗೋಳದ ದಕ್ಷಿಣಾರ್ಧದಲ್ಲಿರುವ ಆಸ್ಟ್ರೇಲಿಯಾ ಖಂಡದಲ್ಲಿ ಆಂಗ್ಲೇಯರ ನೆಲಸುನಾಡು ಹುಟ್ಟಿದುದು ಸೆರೆಯಾಳುಗಳ ಹಡಗುಗಳಿಂದ. 1788ನೆಯ ಇಸವಿಯ ಜನವರಿ ತಿಂಗಳಲ್ಲಿ ಇಂಗ್ಲೆಂಡಿನ ಅಪರಾಧಿಗಳನ್ನು ಹೊತ್ತುತಂದ ಮೊದಲನೆಯ ನಾವೆಗಳು ಆ ತೀರವನ್ನು ಸೇರಿದುವು. ಅದಕ್ಕೆ ಬಹು ಸಹಸ್ರ ವರ್ಷಗಳ ಮೊದಲಿನಿಂದಲೂ ಅಲ್ಲಿ ಆದಿನಿವಾಸಿಗಳಾದ ಜನಾಂಗಗಳು ತಮ್ಮ ತಮ್ಮ ಭಾಷೆ, ಕಟ್ಟಳೆ, ಬೇಟೆಯ ನೆಲಗಳೊಡನೆ ಬಾಳುತ್ತಿದ್ದರು. ಹೊಸದಾಗಿ ಬಂದವರಲ್ಲಿ ಗಂಡಸರು ಬಹಳ, ಹೆಂಗಸರು ಅತ್ಯಲ್ಪ. ಐವತ್ತು ವರ್ಷಗಳು ಕಳೆದರೂ ಒಳನಾಡಿನ ಕುರಿಗಾವಲುಗಳಲ್ಲಿ ಹೆಣ್ಣಿನ ದನಿಯೇ ಕೇಳದಂತಹ ಗುಡಿಸಲುಗಳು ಅಸಂಖ್ಯಾತವಾಗಿದ್ದುವು. ಇಂತಹ ನಾಡಿನಲ್ಲಿ, ಯಾವ ಅಧಿಕಾರವೂ ಐಶ್ವರ್ಯವೂ ಇಲ್ಲದ ಒಬ್ಬ ಗೃಹಿಣಿಯು, ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ತಾಯಿಯಾಗಿ ನಿಂತು ಸಮಾಜದ ನಡೆಯನ್ನೇ ತಿದ್ದಿದಳು. ಆಕೆಯೇ ಕೆರೊಲೈನ್ ಚಿಸಮ್. ಆಕೆಯ ಸೇವಾಜೀವನದ ಮೊದಲನೆಯ ಪಾಠಶಾಲೆಯು ನಮಗೆ ದೂರವಲ್ಲದ ಮದರಾಸು ಪಟ್ಟಣದಲ್ಲಿಯೇ ಇತ್ತೆಂಬುದು ನಮ್ಮ ಹಳೆಯ ವಿದ್ಯಾರ್ಥಿನಿಯರು ಸಂತೋಷದಿಂದ ತಿಳಿಯತಕ್ಕ ಸಂಗತಿ.

ಕೆರೊಲೈನಳು 1808ನೆಯ ಮೇ 30ರಂದು ಇಂಗ್ಲೆಂಡಿನ ನಾರ್ತಾಂಪ್ಟನ್ ನಗರದ ಸಮೀಪದಲ್ಲಿ, ವಿಲಿಯಂ ಜೋನ್ಸ್ ಎಂಬ ಅನುಕೂಲಸ್ಥ ಒಕ್ಕಲಿಗನ ಮಗಳಾಗಿ ಹುಟ್ಟಿದಳು. ಎಳೆತನದಲ್ಲಿಯೇ ತಂದೆಯು ತೀರಿಹೋದುದರಿಂದ ತಾಯಿಯ ಆಶ್ರಯದಲ್ಲಿ ಬೆಳೆದಳು. ದೈವಭಕ್ತಿಯೂ ದೀನರಲ್ಲಿ ಮರುಕವೂ ಆ ಮನೆಯ ಸೊತ್ತುಗಳಾಗಿದ್ದುವು. 1830ರಲ್ಲಿ, ಆಕೆಯು ಇಪ್ಪತ್ತೆರಡು ವರುಷದವಳಾಗಿದ್ದಾಗ, ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ದಂಡಿನಲ್ಲಿ ಅಧಿಕಾರಿಯಾಗಿದ್ದ ಆರ್ಚಿಬಾಲ್ಡ್ ಚಿಸಮನು ಆಕೆಯ ಕೈಹಿಡಿಯಲಪೇಕ್ಷಿಸಿದನು. ಮದುವೆಯಾದ ಮೇಲೂ ಪರೋಪಕಾರದ ಕೆಲಸಗಳಲ್ಲಿ ತನ್ನನ್ನು ತಡೆಯಕೂಡದೆಂಬ ಷರತ್ತನ್ನು ಆಕೆಯು ಮುಂದಿಟ್ಟಳು. ಆತನು ಯೋಚಿಸಿ ಒಪ್ಪಿದನು. ಒಪ್ಪಿದ ಮಾತನ್ನು ಬಾಳಿನುದ್ದಕ್ಕೂ ನಡೆಸಿಕೊಟ್ಟನು. ಆತನು ರೋಮನ್ ಕಥೋಲಿಕ ಪಂಥದವನು. ಪ್ರೊಟೆಸ್ಟೆಂಟ್ ಮನೆಯಲ್ಲಿ ಬೆಳೆದ ಕೆರೊಲೈನಳೂ ಅದೇ ಕಾಲದಲ್ಲಿ ಆ ಪಂಥವನ್ನು ಸೇರಿದಳು.

ಎರಡು ವರ್ಷಗಳ ತರುವಾಯ ಆಕೆಯು ಪತಿಯಿದ್ದ ಮದರಾಸಿಗೆ ಬಂದಳು. ಅಲ್ಲಿಯ ದಂಡಿನ ಬಿಡಾರಗಳಲ್ಲಿ ಐರೋಪ್ಯ ಸಿಪಾಯಿಗಳ ಹೆಣ್ಣುಮಕ್ಕಳು ಹೇಳುವವರಿಲ್ಲದೆ ಕೇಳುವವರಿಲ್ಲದೆ, ಕೆಟ್ಟ ಮಾತು ಕೆಟ್ಟ ನಡತೆಗಳ ನಡುವೆ ಬೆಳೆಯುತ್ತಿರುವುದನ್ನು ಕಂಡು ಆಕೆಯ ಮನಸ್ಸು ಕರಗಿತು. 1834ರಲ್ಲಿ ಆ ಬಾಲಿಕೆಯರಿಗಾಗಿ ಒಂದು ಕೈಕಸುಬಿನ ಶಾಲೆಯನ್ನು ಸ್ಥಾಪಿಸಿದಳು. ಓದುಬರಹ ಮತ್ತು ಧರ್ಮಬೋಧೆಗಳೊಡನೆ ಅಡಿಗೆ, ಮನೆವಾರ್ತೆ, ರೋಗಿಗಳ ಶುಶ್ರೂಷೆ ಇವುಗಳನ್ನೂ ಅಲ್ಲಿ ಕಲಿಸುತ್ತಿದ್ದರು. ಹೆಣ್ಣು ತನ್ನ ಕಾಲಮೇಲೆ ತಾನು ನಿಲ್ಲಬಲ್ಲಳಾದರೆ ಅರ್ಧದಷ್ಟು ಅಪಾಯಗಳು ಅವಳನ್ನು ಮುಟ್ಟಲಾರವೆಂಬ ತತ್ತ್ವವು ಆಕೆಗೆ ಮನದಟ್ಟಾದುದು ಮದರಾಸಿನಲ್ಲಿಯೇ.

1838ರಲ್ಲಿ ಪತಿಯ ದೇಹಸ್ಥಿತಿಯು ಕೆಟ್ಟುದರಿಂದ ಆತನು ಎರಡು ವರ್ಷ ರಜವನ್ನು ಪಡೆದು ಸಂಸಾರಸಮೇತನಾಗಿ ಆಸ್ಟ್ರೇಲಿಯಾದ ಸಿಡ್ನಿ ನಗರಕ್ಕೆ ಹೋದನು. ಅಲ್ಲಿಂದ ಸ್ವಲ್ಪ ದೂರದ ವಿಂಡ್ಸರ್ ಎಂಬ ಊರಿನಲ್ಲಿ ಅವರು ಮನೆಮಾಡಿದರು. 1840ರಲ್ಲಿ ಕಂಪೆನಿಯ ಕರೆ ಬರಲು ಆತನು ದಂಡಿಗೆ ಹಿಂದಿರುಗಿದನು. ಕೆರೊಲೈನಳು ಮೂವರು ಚಿಕ್ಕ ಮಕ್ಕಳೊಡನೆ ಅಲ್ಲಿಯೇ ಉಳಿದಳು.

ಆಗಿನ ಸಿಡ್ನಿಯ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಇಂಗ್ಲೆಂಡಿನಿಂದ ನ್ಯೂ ಸೌತ್ ವೇಲ್ಸಿಗೆ ಸೆರೆಯಾಳುಗಳನ್ನು ಕಳುಹಿಸುವ ಪದ್ಧತಿಯು 1840ರಲ್ಲಿ ನಿಂತುಹೋಯಿತು. ಕೂಲಿಯವರ ಕೊರತೆಯನ್ನು ನೀಗಿಸುವುದಕ್ಕಾಗಿ, ಬಡಜನರನ್ನು ಕರೆತರುವ ವರ್ತಕರಿಗೆ ಸರ್ಕಾರವು ತಲೆಗಿಷ್ಟೆಂದು ಹಣ ಕೊಡುತ್ತಿತ್ತು. ತಲೆಯೆಣಿಕೆಯೇ ಲಾಭದ ಮೂಲವಾದಮೇಲೆ ತಲೆಗಳನ್ನು ತುಂಬುವುದೇ ವರ್ತಕರ ಗುರಿಯಾಯಿತು. ಒಂಟಿ ಹುಡುಗಿಯರು ಯಾವನಾದರೊಬ್ಬ ಸಂಸಾರಸ್ಥನ ರಕ್ಷಣೆಯಲ್ಲಿ ಬರಬೇಕೆಂಬ ನಿಬಂಧನೆಯೇನೋ ಇತ್ತು. ಆದರೆ ಅದು ಬಹುಮಟ್ಟಿಗೆ ಕಾಗದದ ಮೇಲಿನ ರಕ್ಷಣೆ. ಹಡಗಿನಿಂದಿಳಿದ ಹುಡುಗಿಗೆ ಪರಿಚಯದವರಿಲ್ಲ, ಕೈಯಲ್ಲಿ ಕಾಸಿಲ್ಲ, ತಲೆಯ ಮೇಲೆ ಸೂರಿಲ್ಲ. ಎಷ್ಟೋ ಮಂದಿ ಬೀದಿಗಳಲ್ಲಿಯೂ ಬಂದರದ ಬಂಡೆಗಳ ಮರೆಯಲ್ಲಿಯೂ ರಾತ್ರಿ ಕಳೆಯುತ್ತಿದ್ದರು. ಅಂತಹವರಿಗೆ ಮೊದಲು ಕೈಚಾಚುತ್ತಿದ್ದವರು ದುರ್ಮಾರ್ಗದ ದಲಾಲಿಗಳು.

ಕೆರೊಲೈನಳು ಹಡಗುಕಟ್ಟೆಗೆ ಹೋಗಿ ಇಂತಹ ಹುಡುಗಿಯರನ್ನು ಕಂಡು, ಕೆಲವರನ್ನು ತನ್ನ ಮನೆಗೇ ಕರೆದುತಂದು, ಒಳ್ಳೆಯ ಮನೆಗಳಲ್ಲಿ ಕೆಲಸಕ್ಕೆ ಸೇರಿಸತೊಡಗಿದಳು. ಆದರೆ ಬಾವಿಯ ನೀರನ್ನು ಬೊಗಸೆಯಲ್ಲಿ ಮೊಗೆದಂತೆ, ಒಬ್ಬಳನ್ನು ಉಳಿಸಿದರೆ ಹತ್ತು ಮಂದಿ ಉಳಿದೇ ಇರುತ್ತಿದ್ದರು. 1841ರ ಜನವರಿಯಲ್ಲಿ ಆಕೆಯು ಗವರ್ನರರ ಪತ್ನಿಯಾದ ಲೇಡಿ ಗಿಪ್ಸ್ ಅವರಿಗೆ ಪತ್ರ ಬರೆದು, ಇವರಿಗಾಗಿ ಒಂದು ಆಶ್ರಯಮಂದಿರ ಬೇಕೆಂದು ಬೇಡಿದಳು. ಬೆಂಬಲಕ್ಕಿಂತ ಸಂಶಯವೇ ಹೆಚ್ಚಾಗಿ ಎದುರಾಯಿತು. ಕಥೋಲಿಕಳಾದ ಈ ಹೆಂಗಸು ತನ್ನ ಪಂಥವನ್ನು ಬೆಳೆಯಿಸಲು ಹೂಡಿದ ತಂತ್ರವಿದೆಂದು ಪ್ರೊಟೆಸ್ಟೆಂಟರಲ್ಲಿ ಕೆಲವರು ಹೇಳಿದರು. ಎಲ್ಲ ಪಂಥದವರನ್ನೂ ಒಂದೇ ಸೂರಿನಡಿ ಸೇರಿಸುವುದು ತರವಲ್ಲವೆಂದು ಆಕೆಯ ಪಂಥದವರಲ್ಲಿಯೇ ಕೆಲವರು ಹಿಂಜರಿದರು. ಆ ವರ್ಷದ ಪುನರುತ್ಥಾನದ ಹಬ್ಬದಂದು ಆಕೆಯು ದೇವಾಲಯದಲ್ಲಿ ಮೊಣಕಾಲೂರಿ, ತನ್ನ ಶಕ್ತಿಯೆಲ್ಲವನ್ನೂ ಈ ಕಾರ್ಯಕ್ಕೆ ಮುಡಿಪಾಗಿಡುವೆನೆಂದೂ, ದೇಶ ಪಂಥಗಳ ಭೇದವನ್ನೆಣಿಸದೆ ಕಷ್ಟದಲ್ಲಿರುವವರೆಲ್ಲರನ್ನೂ ಸೇವಿಸುವೆನೆಂದೂ ಸಂಕಲ್ಪ ಮಾಡಿದಳು.

ಗವರ್ನರ್ ಸರ್ ಜಾರ್ಜ್ ಗಿಪ್ಸರು, ಕನ್ನಡಕವಿಟ್ಟ ಯಾರೋ ಮುದುಕಿಯು ನೀತಿಬೋಧೆ ಮಾಡಲು ಬರುವಳೆಂದು ನಿರೀಕ್ಷಿಸಿದ್ದರಂತೆ. ಆದರೆ ಬಂದವಳು ಶಾಂತಮುಖದ ತರುಣಿ, ಲೆಕ್ಕಾಚಾರದೊಡನೆ ವಾದಿಸತಕ್ಕವಳು. ಕಡೆಗೆ, ಸರ್ಕಾರಕ್ಕೆ ಯಾವ ವೆಚ್ಚವನ್ನೂ ತಗುಲಿಸಕೂಡದೆಂಬ ಕರಾರಿನ ಮೇಲೆ, ವಲಸಿಗರ ಹಳೆಯ ಕೊಟ್ಟಡಿಗಳ ಒಂದು ಭಾಗವನ್ನು ಆಕೆಗೆ ಬಿಟ್ಟುಕೊಟ್ಟರು. ತಾನು ಅಲ್ಲಿಯೇ ವಾಸಿಸದಿದ್ದರೆ ಹುಡುಗಿಯರಿಗೆ ರಕ್ಷಣೆಯಿಲ್ಲವೆಂದರಿತು, ಎಳೆಯ ಮಕ್ಕಳನ್ನು ವಿಂಡ್ಸರಿಗೆ ಕಳುಹಿಸಿ, ಒಂದು ಕಿರಿದಾದ ಉಗ್ರಾಣದ ಕೋಣೆಯಲ್ಲಿ ಆಕೆಯು ಬಿಡಾರ ಮಾಡಿದಳು. ಮೊದಲನೆಯ ರಾತ್ರಿ ದೀಪವಾರಿಸಿದೊಡನೆಯೇ ಇಲಿ ಹೆಗ್ಗಣಗಳ ಹಿಂಡು ಮೈಮೇಲೆರಗಿತು. ಆಕೆಯು ಓಡಿಹೋಗಲಿಲ್ಲ, ಎದ್ದು ದೀಪ ಹೊತ್ತಿಸಿ, ರೊಟ್ಟಿಯನ್ನು ಕೊಯ್ದು, ಒಂದು ತಟ್ಟೆ ನೀರಿನೊಡನೆ ನಡುಕೋಣೆಯಲ್ಲಿಟ್ಟು, ಬೆಳಗಿನವರೆಗೂ ಕಾವಲು ಕುಳಿತಳು. ಮುಂದೆ ಅದೇ ಆತಿಥ್ಯದಲ್ಲಿ ಪಾಷಾಣವನ್ನು ಬೆರೆಸಿ ಕಾಟವನ್ನು ತೀರಿಸಿದಳು. ತಾಯಿಯಾದವಳಿಗೆ ಮಕ್ಕಳನ್ನಗಲಿದ ನೋವಿನ ಮುಂದೆ ಇಲಿಗಳ ಕಾಟವು ಎಷ್ಟರದು!

ಸ್ವಲ್ಪ ಕಾಲದಲ್ಲಿಯೇ ಆ ಮಂದಿರದಲ್ಲಿ ಸುಮಾರು 90 ಮಂದಿ ಹುಡುಗಿಯರು ತಂಗಿದ್ದರು. ಅದರೊಡನೆ ಕೆಲಸ ಕೊಡಿಸುವ ಕಚೇರಿಯೊಂದನ್ನೂ ಆಕೆಯು ತೆರೆದಳು; ಅಲ್ಲಿ ಯಾರಿಂದಲೂ ಶುಲ್ಕವಿಲ್ಲ. ಗವರ್ನರರಿಂದ ಅಂಚೆ ಸೌಲಭ್ಯವನ್ನು ಪಡೆದು, ಎಷ್ಟು ಮಂದಿ ಆಳುಗಳು ಬೇಕು, ಸಂಬಳವೆಷ್ಟು ಎಂದು ಒಳನಾಡಿನ ಊರೂರುಗಳಿಗೆ ಬರೆದು ವಿಚಾರಿಸಿದಳು. ಪಟ್ಟಣದಲ್ಲಿ ಕೆಲಸವಿಲ್ಲದೆ ಜನರು ಹಸಿಯುತ್ತಿರುವಾಗ ಹಳ್ಳಿಗಳಲ್ಲಿ ಜನರಿಲ್ಲದೆ ಕೆಲಸಗಳು ನಿಂತಿರುವುವೆಂದು ಆ ಉತ್ತರಗಳಿಂದ ಸ್ಪಷ್ಟವಾಯಿತು. ಆದರೆ ಕಾಡುನಾಡಿನ ಭೀತಿಯಿಂದ ಹುಡುಗಿಯರು ಹೊರಡಲೊಲ್ಲರು. ಆಗ ಆಕೆಯು ತಾನೇ ಮುಂದಾಳಾಗಿ, ಕ್ಯಾಪ್ಟನ್ ಎಂಬ ತನ್ನ ಬಿಳಿಯ ಕುದುರೆಯನ್ನೇರಿ, ಹಿಂದೆ ಬಂಡಿಗಳಲ್ಲಿ ಹುಡುಗಿಯರನ್ನು ಕುಳ್ಳಿರಿಸಿಕೊಂಡು, ನೂರಾರು ಮೈಲಿ ಪಯಣ ಮಾಡಿದಳು. ದಾರಿಯ ಒಕ್ಕಲುಮನೆಗಳಲ್ಲಿ ವಿಚಾರಿಸಿ, ಯಜಮಾನಿಯಿರುವ ಮರ್ಯಾದಸ್ಥ ಮನೆಯಾದರೆ ಮಾತ್ರ ಹುಡುಗಿಯನ್ನು ಬಿಡುವಳು. ಸಂಬಳವನ್ನೂ ಅವಧಿಯನ್ನೂ ಬರೆದ ಕರಾರುಪತ್ರವು ಧಣಿಗೊಂದು, ಕೆಲಸದವಳಿಗೊಂದು. ಇನ್ನೊಂದು ಪ್ರತಿಯು ತನ್ನ ಕಚೇರಿಯಲ್ಲಿ. ಬಾಯಿಮಾತಿನ ದಯೆಗಿಂತ ಬರೆವಣಿಗೆಯ ನ್ಯಾಯವೇ ಬಡವರಿಗೆ ಭದ್ರವೆಂದು ಆಕೆಯು ನಂಬಿದ್ದಳು.

ನ್ಯಾಯಸ್ಥಾನಕ್ಕೆ ಹೋಗುವುದಕ್ಕೂ ಆಕೆಯು ಅಂಜಲಿಲ್ಲ. 1842ರಲ್ಲಿ ಕಾರ್ಥಜೀನಿಯನ್ ಎಂಬ ಹಡಗಿನಲ್ಲಿ ಬಂದ ಹುಡುಗಿಯೊಬ್ಬಳನ್ನು ಪ್ರಯಾಣಕಾಲದಲ್ಲಿ ಕ್ರೂರವಾಗಿ ಹಿಂಸಿಸಿದ್ದರೆಂದು ತಿಳಿದಾಗ, ಹಡಗಿನ ಕಪ್ತಾನನ ಮೇಲೂ ವೈದ್ಯನ ಮೇಲೂ ಮೊಕದ್ದಮೆ ನಡೆಯುವಂತೆ ಮಾಡಿದಳು. ಅವರಿಬ್ಬರಿಗೂ ಸೆರೆಮನೆಯ ಶಿಕ್ಷೆಯಾಯಿತು. ಅದೇ ವರ್ಷ ಮಂದಿರದ ಕಾರ್ಯವು ತೀರಿ ಅದನ್ನು ಮುಚ್ಚಿದಾಗ, ಅದರ ವೃತ್ತಾಂತವನ್ನು ಆಕೆಯು ಪುಸ್ತಕರೂಪವಾಗಿ ಪ್ರಕಟಿಸಿದಳು. 1843ರಲ್ಲಿ 23 ಸಂಸಾರಗಳನ್ನು ಶೆಲ್‌ಹಾರ್ಬರ್ ಪ್ರಾಂತದ ಭೂಮಿಯಲ್ಲಿ ಒಕ್ಕಲು ನಿಲ್ಲಿಸಿದಳು. 1846ರ ವೇಳೆಗೆ ಆಕೆಯ ನೆರವಿನಿಂದ ನೆಲೆ ಕಂಡವರು ಸುಮಾರು 11,000 ಮಂದಿ.

ಅಷ್ಟರಲ್ಲಿ ಪತಿಯು ದಂಡಿನಿಂದ ನಿವೃತ್ತನಾಗಿ 1845ರಲ್ಲಿ ಮರಳಿಬಂದನು. ದಂಪತಿಗಳು ಸ್ವಂತ ಖರ್ಚಿನಿಂದ ಒಳನಾಡನ್ನು ಸುತ್ತಿ, ವಲಸೆಬಂದವರ ಬಾಯಿಂದಲೇ ಅವರ ಸುಖದುಃಖ, ಸಂಬಳ ಸಾರಿಗೆಗಳ ವಿವರವನ್ನು ಕೇಳಿ, 600ಕ್ಕೂ ಮಿಕ್ಕ ಹೇಳಿಕೆಗಳನ್ನು ಬರೆದುಕೊಂಡರು. 1846ರಲ್ಲಿ ಇಂಗ್ಲೆಂಡಿಗೆ ಹೋಗಿ, ಮರುವರ್ಷ ಪ್ರಭುಸಭೆಯ ಸಮಿತಿಗಳ ಮುಂದೆ ಆಕೆಯು ಸಾಕ್ಷ್ಯ ನುಡಿದಳು. ಬಿಡುಗಡೆಯಾದ ಸೆರೆಯಾಳುಗಳು ಸ್ವದೇಶದಲ್ಲಿ ಬಿಟ್ಟುಬಂದಿದ್ದ ಹೆಂಡಿರಿಗೂ, ವಲಸಿಗರು ಹಿಂದುಳಿಸಿದ್ದ ಮಕ್ಕಳಿಗೂ ಸರ್ಕಾರದ ವೆಚ್ಚದಿಂದ ಹಡಗಿನ ಅನುಕೂಲವನ್ನು ದೊರಕಿಸಿದಳು. 1849ರಲ್ಲಿ ಕುಟುಂಬ ವಲಸೆಯ ಸಾಲಸಂಘವನ್ನು ಸ್ಥಾಪಿಸಿದಳು. ಬಡವನು ಕೂಡಿಸಿದ ಹಣಕ್ಕೆ ಸಂಘವು ಬಡ್ಡಿಯಿಲ್ಲದ ಸಾಲವನ್ನು ಸೇರಿಸಿ ಸಂಸಾರವನ್ನು ಒಟ್ಟಾಗಿ ಕಳುಹಿಸುವುದು. ಅಲ್ಲಿ ದುಡಿದು ಅವನು ಸಾಲವನ್ನು ಕಂತುಗಳಲ್ಲಿ ತೀರಿಸುವುದು. ಒಂಟಿ ಹುಡುಗಿಯರನ್ನು ಮುಂಚಿತವಾಗಿಯೇ ಸಂಸಾರಗಳಿಗೆ ಪರಿಚಯಿಸಿ ಅವರೊಡನೆ ಕೂಡಿಸುತ್ತಿದ್ದಳು. ಸಂಘದ ಮೊದಲನೆಯ ಹಡಗು 1850ರಲ್ಲಿ ಹೊರಟಿತು. ಹಡಗುಗಳಲ್ಲಿ ಗಾಳಿ ಬೆಳಕು ಮಾನಮರ್ಯಾದೆಗಳಿಗೆ ಆಕೆಯು ಮಾಡಿದ ಏರ್ಪಾಡುಗಳು ಇತರರಿಗೂ ಮಾದರಿಯಾದುವು.

ಪ್ರಸಿದ್ಧ ಕಾದಂಬರಿಕಾರನಾದ ಚಾರ್ಲ್ಸ್ ಡಿಕನ್ಸನು ತನ್ನ ಪತ್ರಿಕೆಯಲ್ಲಿ ಈ ಕಾರ್ಯವನ್ನು ಬೆಂಬಲಿಸಿದನು. ಆದರೂ ದೂರದ ಜನರ ಚಿಂತೆಯಲ್ಲಿ ಸ್ವಂತ ಮಕ್ಕಳನ್ನು ಮರೆತ ಮಿಸೆಸ್ ಜೆಲ್ಲಿಬಿ ಎಂಬ ಹಾಸ್ಯಪಾತ್ರವನ್ನು ಆತನು ರಚಿಸಿದಾಗ, ಚಿಸಮಳ ಮನೆಯ ಅಚ್ಚುಕಟ್ಟಿಲ್ಲದಿರುವಿಕೆಯೂ ಅದಕ್ಕೆ ಎಡೆಗೊಟ್ಟಿತೆಂದು ಹಲವರ ಮತ. ಸೇವೆಗೆ ಹೊರಟ ಸ್ತ್ರೀಯು ಮನೆಯನ್ನು ಮರೆಯುವಳೆಂಬ ಅಪವಾದವು ಎಲ್ಲ ದೇಶಗಳಲ್ಲಿಯೂ ಹಳೆಯದೇ. ಆಕೆಯ ಮನೆಯಲ್ಲಿ ಕೊರತೆಗಳಿರಲಿಲ್ಲವೆಂದು ಹೇಳುವಂತಿಲ್ಲ. ಆದರೆ ಆ ಹೊರೆಯನ್ನು ಪತಿಯೂ ಸಮನಾಗಿ ಹೊತ್ತನು. 1851ರಲ್ಲಿ ಆತನು ಸಂಬಳವಿಲ್ಲದ ಪ್ರತಿನಿಧಿಯಾಗಿ ಆಸ್ಟ್ರೇಲಿಯಾಕ್ಕೆ ಹೋಗಿ ಸಂಘದ ಕೆಲಸವನ್ನು ನೋಡಿಕೊಂಡನು.

ಆ ವರ್ಷವೇ ಅಲ್ಲಿ ಚಿನ್ನವು ದೊರೆತುದರಿಂದ ಜನಪ್ರವಾಹವು ಹರಿಯಿತು. 1854ರಲ್ಲಿ ಮೆಲ್ಬರ್ನಿಗೆ ಬಂದಿಳಿದ ಕೆರೊಲೈನಳು ಚಿನ್ನದ ಗಣಿಗಳ ದಾರಿಯಲ್ಲಿ ಹೆಂಗಸರೂ ಮಕ್ಕಳೂ ಮಳೆಯಲ್ಲಿ ನೆನೆಯುತ್ತಿರುವುದನ್ನು ಕಂಡು, ಆ ಹೆದ್ದಾರಿಯುದ್ದಕ್ಕೂ ಅಲ್ಲಲ್ಲಿ ತಂಗುದಾಣಗಳನ್ನು ಕಟ್ಟಿಸಿದಳು. ಬಡವರಿಗೆ ಉಳುವ ನೆಲ ಸಿಕ್ಕಬೇಕೆಂದು ಸಭೆಗಳಲ್ಲಿ ಉಪನ್ಯಾಸ ಮಾಡಿದಳು. ಆರೋಗ್ಯವು ಕೆಟ್ಟು, ಹಣವು ಕರಗಿದಮೇಲೆ, 1862ರಲ್ಲಿ ಸಿಡ್ನಿಯ ಬಳಿ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದು ಜೀವನ ನಡೆಸಿದಳು. ಮದರಾಸಿನಲ್ಲಿ ಬಾಲಿಕೆಯರ ಶಾಲೆಯಿಂದ ಮೊದಲಾದ ಸೇವೆಯು ಮತ್ತೊಂದು ಬಾಲಿಕೆಯರ ಶಾಲೆಗೇ ಬಂದು ನಿಂತಿತು.

1866ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಆಕೆಗೆ ವರ್ಷಕ್ಕೆ 100 ಪೌಂಡುಗಳ ಅಲ್ಪ ವೇತನವು ದೊರೆಯಿತು. ಸಾವಿರಾರು ಮಂದಿಗೆ ಮನೆ ಮಾಡಿಕೊಟ್ಟವಳು ಬಡತನದಲ್ಲಿ, ಬಹುಕಾಲ ಹಾಸಿಗೆ ಹಿಡಿದು, 1877ನೆಯ ಮಾರ್ಚಿ 25ರಂದು ಲಂಡನ್ನಿನಲ್ಲಿ ಕಣ್ಮುಚ್ಚಿದಳು. ಅದೇ ವರ್ಷ ಪತಿಯೂ ತೀರಿಕೊಂಡನು. ನಾರ್ತಾಂಪ್ಟನಿನಲ್ಲಿ ಇಬ್ಬರಿಗೂ ಒಂದೇ ಸಮಾಧಿ. ಜಗತ್ತು ಮರೆತಂತಿದ್ದ ಆ ಮುಖವನ್ನು 1967ರಿಂದ 1992ರವರೆಗೆ ಆಸ್ಟ್ರೇಲಿಯಾದ ಐದು ಡಾಲರಿನ ನೋಟಿನ ಮೇಲೆ ಮುದ್ರಿಸಿ ಗೌರವಿಸಿದರು. ಹಣವನ್ನು ತನಗಾಗಿ ಎಂದೂ ಕೂಡಿಡದವಳ ಚಿತ್ರವು ಹಣದ ಮೇಲೆ ಬಂದುದು ಒಂದು ವಿಚಿತ್ರವೇ ಸರಿ.

ಆಕೆಯು ನೆಲೆಗೊಳಿಸಿದ ಸಂಸಾರಗಳು ಉತ್ತ ನೆಲವು ಅದಕ್ಕೆ ಮೊದಲು ಆದಿನಿವಾಸಿಗಳದಾಗಿತ್ತು. ಅವರಿಗಾದ ಅನ್ಯಾಯವು ಆ ನಾಡಿನ ಚರಿತ್ರೆಯಲ್ಲಿ ಅಳಿಯದ ಕಲೆ. ಇದನ್ನು ಮರೆತು ಆಕೆಯ ಕಾಲವನ್ನು ಹೊಗಳುವುದು ಸತ್ಯವಾಗದು. ಆದರೆ ತನ್ನ ಕಣ್ಣಿಗೆ ಬಿದ್ದ ದುಃಖವನ್ನು ಕಂಡೂ ಕಾಣದಂತೆ ಆಕೆಯು ಹಾದುಹೋಗಲಿಲ್ಲವೆಂಬುದೂ ಅಷ್ಟೇ ಸತ್ಯ. ಹಡಗುಕಟ್ಟೆಯಲ್ಲಿ ಗಂಟುಮೂಟೆಯೊಡನೆ ದಿಕ್ಕುಗೆಟ್ಟು ನಿಂತ ಹುಡುಗಿಯ ಪಂಥ ಯಾವುದೆಂದು ಕೇಳದೆ, ಊಟವಾಯಿತೇ ಎಂದು ಮೊದಲು ಕೇಳಿದವಳು ಆಕೆ. ಇಂದಿಗೂ ಹಳ್ಳಿಯಿಂದ ಪಟ್ಟಣಕ್ಕೆ, ಸ್ವದೇಶದಿಂದ ಪರದೇಶಕ್ಕೆ ದುಡಿಮೆಗಾಗಿ ಹೋಗುವ ಹೆಣ್ಣುಮಕ್ಕಳು ಅನೇಕರು. ಅವರನ್ನು ಕಳುಹಿಸುವ ತಾಯಿತಂದೆಗಳು ಕರಾರನ್ನು ಓದಿನೋಡಿ ಕಳುಹಿಸಲಿ. ಅವರು ತಲಪುವ ಊರಿನಲ್ಲಿ ಈ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದರೆ, ಆಕೆಯ ಬಾಗಿಲು ಅವರಿಗೆ ತೆರೆದಿರಲಿ.